ಆಟಿ ಮಳೆಗೆ ‘ಶರೇಡ್’ ನೋಡುವ ಕ್ರಮ

ಆಟಿ ತಿಂಗಳ ಮಳೆ ಹಿಡಿದರೆ ಉಡುಪಿಯ ನಮ್ಮ ಮನೆಯಲ್ಲಿ ‘ಶರೇಡ್’ ಹಾಕುವುದು ರೂಢಿ. 1963ರ ಹಾಲಿವುಡ್ ಸಿನಿಮಾ, ನಿರ್ದೇಶಕ ಸ್ಟ್ಯಾನ್ಲಿ ಡೋನನ್. ಎರಡು ಗಂಟೆಯೊಳಗೆ ಮುಗಿಯುತ್ತದೆ. ಆದರೂ ಮಳೆಗಾಲದ ಕರೆಂಟಿನ ಕಥೆ ಹೇಳಲಿಕ್ಕಾಗದು, ಮಧ್ಯಾಹ್ನವೇ ಶುರು ಮಾಡಿ.

ಮೊದಲು ಪ್ರಿಂಟ್ ನೋಡಿಕೊಳ್ಳಿ. ಬಿಡುಗಡೆಯ ಹೊತ್ತಿಗೆ ಕಾಪಿರೈಟ್ ಸೂಚನೆ ಸರಿಯಾಗಿ ಹಾಕದ ಕಾರಣ ಅಮೆರಿಕದಲ್ಲಿ ಇದು ಯಾರ ಸೊತ್ತೂ ಅಲ್ಲ ಎಂದಾಯಿತು. ಹಾಗಾಗಿ ಯಾರ್ಯಾರೋ ತೆಗೆದ ಗಂಜಿತಿಳಿಯಂಥ ಮಸುಕು ಪ್ರತಿಗಳು ಬೇಕಾದಷ್ಟಿವೆ. ಬಣ್ಣ ಕೆಟ್ಟರೆ ಕಥೆ ನಡೆಯುವ ಪ್ಯಾರಿಸೂ ಹೋಯಿತು, ನಾಯಕಿ ಆಡ್ರೆ ಹೆಪ್‌ಬರ್ನ್ ತೊಟ್ಟ, ಫ್ರೆಂಚ್ ವಸ್ತ್ರವಿನ್ಯಾಸಕ ಜಿವಾನ್ಶಿಯ ಬಟ್ಟೆಗಳೂ ಹೋದವು.

ಗೋಳಿಬಜೆ ಮೊದಲೇ ಕರಿದಿಡಿ. ಶವಪೆಟ್ಟಿಗೆಯ ದೃಶ್ಯಕ್ಕೆ ಯಾರೂ ಅಡುಗೆಮನೆಯಲ್ಲಿರಬಾರದು. ಒಬ್ಬ ಬಂದು ಹೆಣದ ಮುಂದೆ ಸೀನುತ್ತಾನೆ. ಮತ್ತೊಬ್ಬ ಅದರ ಮುಖದ ಹತ್ತಿರ ಕನ್ನಡಿ ಹಿಡಿಯುತ್ತಾನೆ, ಉಸಿರಿದೆಯೋ ಅಂತ. ಮೂರನೆಯವ ಪಿನ್ ಚುಚ್ಚಿಯೇ ಬಿಡುತ್ತಾನೆ! ಗಂಡನನ್ನು ಕಳಕೊಂಡ ಹೆಪ್‌ಬರ್ನ್ ಕೂತಲ್ಲೇ ನೋಡುತ್ತಿರುತ್ತಾಳೆ. ನಗುವುದೋ, ಹೆದರುವುದೋ? ಅಮ್ಮ ಪ್ರತಿಸಲ, “ಸತ್ತವನನ್ನಾದರೂ ಬಿಡಿ ಮಾರಾಯ್ರೆ” ಅನ್ನುತ್ತಾರೆ. ಈ ಸಿನಿಮಾದ ರುಚಿ ಇರುವುದೇ ಅಲ್ಲಿ.

ನಾಯಕ ಕ್ಯಾರಿ ಗ್ರಾಂಟ್ ತನ್ನದೆಂದು ಹೇಳಿಕೊಳ್ಳುವ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ, ನಾಲ್ಕಾಗುತ್ತವೆ. ಹೆಸರು ಬದಲಾದಾಗಲೆಲ್ಲ ನಿಲ್ಲಿಸಿ ಕೇಳಿ: ಈಗಲೂ ಇವನನ್ನು ನಂಬುತ್ತೀರಾ? ಅವಳಿಗೆ ಮನಸ್ಸಾಗುವುದೂ ಅವನ ಮೇಲೆಯೇ, ಸಂಶಯ ಬರುವುದೂ ಅವನ ಮೇಲೆಯೇ.

ಇನ್ನು, ಸತ್ತ ಗಂಡ ಬಚ್ಚಿಟ್ಟು ಹೋದ, ಎಲ್ಲರೂ ಹುಡುಕುವ ಹಣ ಎಲ್ಲಿದೆಯೆಂದು ಗೊತ್ತಿರುವವರನ್ನು ಹಿಂದೆ ಕೂರಿಸಿ. ನಮ್ಮ ಭಾವ ಒಮ್ಮೆ ಬಾಯಿಬಿಟ್ಟರು. ಆ ದಿನ ಅವರಿಗೆ ಸಿಕ್ಕಿದ್ದು ಬರೀ ಚಟ್ನಿ.