ಏರ್ ರೈಫಲ್‌ಗೆ ಹೊಸ ಕಟ್ಟಿಗೆ ಸ್ಟಾಕ್: ಅಳತೆಯಿಂದ ಎಣ್ಣೆಯವರೆಗೆ

ಏರ್ ರೈಫಲ್‌ನ ಹಳೆಯ ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಊರುವ ಕಟ್ಟಿಗೆಯ ಭಾಗ) ಬಿರುಕು ಬಿಟ್ಟಿತೆಂದು ಆನ್‌ಲೈನ್‌ನಲ್ಲಿ ಹೊಸದು ತರಿಸಿದವರ ಗೋಳು ಸಾಮಾನ್ಯವಾಗಿ ಒಂದೇ: ನೋಡಲು ಚೆಂದ, ಕೂಡುವುದಿಲ್ಲ. ಸ್ಕ್ರೂ ತೂತು ಎರಡು ಮಿ.ಮೀ. ಆಚೀಚೆ, ಇಲ್ಲವೇ ಟ್ರಿಗರ್ ಕಟ್ಟಿಗೆಗೆ ಉಜ್ಜುತ್ತದೆ. ಈ ತಾಪತ್ರಯದ ಬಹುಪಾಲನ್ನು ದುಡ್ಡು ಕೊಡುವ ಮೊದಲೇ ತಪ್ಪಿಸಬಹುದು.

ಮೊದಲು ಅಳತೆ. ಗುಂಡು ಇಲ್ಲವೆಂದು, ಕಾಕ್ ಆಗಿಲ್ಲವೆಂದು (ಸ್ಪ್ರಿಂಗ್ ಒತ್ತಿಕೊಂಡು ಹೊಡೆಯಲು ಸಿದ್ಧವಾಗಿಲ್ಲವೆಂದು) ಖಾತ್ರಿ ಮಾಡಿಕೊಳ್ಳಿ. ನಳಿಗೆ ಬಾಗಿಸುವ ಸ್ಪ್ರಿಂಗ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ಮುಂಭಾಗದ ಎರಡೂ ಬದಿಗೆ ಒಂದೊಂದು, ಟ್ರಿಗರ್ ಗಾರ್ಡ್ ಬಳಿ ಒಂದೆರಡು ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿ ಕಬ್ಬಿಣದ ಭಾಗ ಹೊರತೆಗೆಯಿರಿ. ಸ್ಟಾಕ್ ಇಲ್ಲದಾಗ ಕಾಕ್ ಮಾಡಲು ಹೋಗಬೇಡಿ, ಬೆರಳು ಹೋದೀತು. ತೂತಿನ ನಡುವಿನಿಂದ ನಡುವಿಗೆ ಇರುವ ದೂರ, ಸ್ಪ್ರಿಂಗ್ ಇರುವ ಕೊಳವೆಯ ಹೊರ ವ್ಯಾಸ ಎರಡನ್ನೂ ವರ್ನಿಯರ್‌ನಿಂದ ಅಳೆಯಿರಿ. ಮಾದರಿಯ ಹೆಸರು ಅದೇ ಇದ್ದರೂ ತಯಾರಾದ ಕಾಲ ಬೇರೆಯಾದರೆ ತೂತಿನ ಜಾಗ ಬದಲಾಗಿರಬಹುದು. ಈ ಎರಡು ಅಳತೆ ಹೇಳಲಾಗದ ಮಾರಾಟಗಾರನ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಮೈಯ ಅಳತೆಯೂ ಬೇಕು. ಮೊಣಕೈ ಮಡಚಿ ಬಟ್‌ನ (ಸ್ಟಾಕ್‌ನ ಹಿಂಭಾಗದ) ತುದಿಯನ್ನು ಮೊಣಕೈಯ ಮಡಿಕೆಗೆ ಒತ್ತಿಟ್ಟಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ಸ್ಕೋಪ್ ಹಾಕುವವರು ಕೆನ್ನೆ ಊರುವ ಜಾಗ ಎತ್ತರವಿದೆಯೇ ನೋಡಿ. ಎಡಗೈಯವರು ಎಡಗೈಯದ್ದೇ ಕೇಳಿ.

ಕಟ್ಟಿಗೆಯ ಪರೀಕ್ಷೆ. ಹೊಳಪಿಗೆ ಮರುಳಾಗಬೇಡಿ, ದಪ್ಪ ಪಾಲಿಶ್‌ನ ಅಡಿಯಲ್ಲಿ ಗಂಟು, ಪುಟ್ಟಿ ಎಲ್ಲವೂ ಅಡಗುತ್ತವೆ. ಸಿಕ್ಕರೆ ಪಾಲಿಶ್ ಇಲ್ಲದ್ದೇ ಒಳ್ಳೆಯದು. ಕೈ ಹಿಡಿಯುವ ಸಣ್ಣ ಭಾಗದಲ್ಲಿ ಎಳೆಗಳು ಉದ್ದಕ್ಕೆ ಸಾಗಿರಬೇಕು. ಅಲ್ಲಿ ಅಡ್ಡಡ್ಡ ಹಾಯ್ದಿದ್ದರೆ ಬೀಟೆಯಾಗಲಿ ಅಕ್ರೋಟ್ ಆಗಲಿ, ಒಂದು ದಿನ ಅಲ್ಲಿಯೇ ಮುರಿಯುತ್ತದೆ.

ಇನ್ನು ನಮ್ಮ ಹವೆ. ಕಟ್ಟಿಗೆ ತೇವ ಕುಡಿದರೆ ಉದ್ದಕ್ಕೆ ಅಷ್ಟಾಗಿ ಬೆಳೆಯದು, ಅಡ್ಡಕ್ಕೆ ಉಬ್ಬುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಿಗಿಯಾಗಿ ಕೂತ ಸ್ಟಾಕ್ ಗದಗಿನ ಏಪ್ರಿಲ್ ಬಿಸಿಲಿಗೆ ಸಡಿಲಾಗುತ್ತದೆ. ಹಾಗಾಗಿ ಪಾರ್ಸೆಲ್ ಬಂದ ದಿನವೇ ಉಳಿ ಹಿಡಿಯಬೇಡಿ. ಮನೆಯೊಳಗೆ ಗಾಳಿಯಾಡುವಲ್ಲಿ ಇಟ್ಟು, ವಾರಕ್ಕೊಮ್ಮೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತೂಕ ಬದಲಾಗುವುದು ನಿಂತ ಮೇಲೆ ಕೆಲಸ ಶುರು. ಮಳೆಗಾಲದಲ್ಲಿ ತರಿಸಿದ್ದರೆ ದೀಪಾವಳಿ ಕಳೆಯಲಿ ಬಿಡಿ.

ಕೂಡಿಸುವುದು. ಕಬ್ಬಿಣದ ಭಾಗದ ಅಡಿಗೆ ತೆಳುವಾಗಿ ಕಾಡಿಗೆ ಸವರಿ, ಸ್ಟಾಕ್‌ನೊಳಗೆ ಒತ್ತಿ, ಎತ್ತಿ. ಕಪ್ಪು ಅಂಟಿದಲ್ಲೇ ಕಟ್ಟಿಗೆ ತಡೆಯುತ್ತಿದೆ. ಅಷ್ಟನ್ನು ಮಾತ್ರ ಪಾಲಿಶ್ ಪೇಪರ್ ಸುತ್ತಿದ ಕೋಲಿನಿಂದ ಉಜ್ಜಿ ಮತ್ತೆ ಒತ್ತಿ ನೋಡಿ. ಬೇಸರದ ಕೆಲಸವೇ ಹೌದು, ಆದರೆ ಕೆತ್ತಿದ್ದು ಮರಳಿ ಬರುವುದಿಲ್ಲ. ಟ್ರಿಗರ್, ಸೇಫ್ಟಿ, ಕಾಕಿಂಗ್ ತೋಳು ಎಲ್ಲಿಯೂ ತಾಗಬಾರದು. ಹಳೆಯ ಸ್ಕ್ರೂಗಳನ್ನೇ ಹಾಕಿ. ಉದ್ದದ ಸ್ಕ್ರೂ ಒಳಗಿನ ತೋಳಿಗೆ ಅಡ್ಡ ಬರಬಹುದು.

ಸ್ಪ್ರಿಂಗ್ ರೈಫಲ್ ಹಿಂದಕ್ಕೆ ಒದ್ದು, ಪಿಸ್ಟನ್ ನಿಂತ ಕ್ಷಣ ಮುಂದಕ್ಕೂ ಜಗ್ಗುತ್ತದೆ. ಈ ಎಳೆದಾಟಕ್ಕೆ ಸ್ಕ್ರೂ ತಲೆಯ ಕೆಳಗಿನ ಕಟ್ಟಿಗೆ ನಜ್ಜುಗುಜ್ಜಾಗಿ ಸ್ಕ್ರೂ ಸಡಿಲಾಗುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಯಾವುದಾದರೂ ಲೇತ್‌ನಲ್ಲಿ ಹಿತ್ತಾಳೆ ಬುಷ್ (ಸ್ಕ್ರೂ ಹಾಯುವ ಪುಟ್ಟ ಕೊಳವೆ) ಮಾಡಿಸಿ, ತೂತಿಗೆ ಅರಾಲ್ಡೈಟ್ ಅಂಟಿನಿಂದ ಕೂಡಿಸಿ. ತೂತು ತುಸು ಸರಿಯಿಲ್ಲದಿದ್ದರೂ ಇದೇ ಮದ್ದು: ದೊಡ್ಡದು ಮಾಡಿ, ಬುಷ್ ಸರಿಯಾದ ಜಾಗಕ್ಕೆ ನಿಲ್ಲಿಸಿ. ಐದಾರು ಮಿ.ಮೀ. ತಪ್ಪಿದ್ದರೆ ಮಾತ್ರ ಸ್ಟಾಕ್ ವಾಪಸ್ ಕಳಿಸಿ.

ಎಣ್ಣೆ. ಬಾಯ್ಲ್ಡ್ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಒಣಗಿದ ಮೇಲೆ ಇನ್ನೊಂದು ಕೈ. ಅಡುಗೆಯ ಹಸಿ ಅಗಸೆ ಎಣ್ಣೆ ಬೇಗ ಒಣಗದು. ಸ್ಟಾಕ್‌ನ ಒಳಮೈಗೂ ಹಚ್ಚಿ, ತೇವ ಅಲ್ಲಿಂದಲೂ ಹೊಕ್ಕುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ ಬಿಡಿಸಿ ಒಣಹಾಕಿ.

ಕೊನೆಗೆ 10 ಮೀಟರ್ ದೂರದಲ್ಲಿ, ಹಿಂದೆ ಗಟ್ಟಿ ತಡೆಗೋಡೆ ಇರುವಲ್ಲಿ, ಕಾಗದಕ್ಕೆ ಐದು ಪೆಲೆಟ್ ಹೊಡೆದು ನೋಡಿ. ಗುರುತುಗಳು ಒಂದೆಡೆ ಗುಂಪಾಗಿ ಬಿದ್ದಿದ್ದರೆ ಸೈಟ್ ತಿದ್ದಿಕೊಂಡರೆ ಸಾಕು. ಚದುರಿದ್ದರೆ ಮೊದಲು ಸ್ಕ್ರೂ ಪರೀಕ್ಷಿಸಿ. ಪದೇ ಪದೇ ಸಡಿಲಾದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಕೆಂಪು ಬೇಡ, ಅದನ್ನು ಬಿಚ್ಚಲು ಕಾಯಿಸಬೇಕಾಗುತ್ತದೆ. ಕಾಯಿಸಿದರೆ ಈಗಷ್ಟೇ ಹಚ್ಚಿದ ಎಣ್ಣೆಯೂ ಹಾಳು.