ಪರ್ಮಿಷನ್ ಕಿತ್ತರೂ ಫೋನ್ ನಡೆಯುತ್ತದೆ: ಮಾಟುಂಗಾದ ಕೌಂಟರಿನಿಂದ

ಕಾಂಟ್ಯಾಕ್ಟ್, ಮೆಸೇಜು, ಮೈಕ್ ಮುಟ್ಟಲು ಆ್ಯಪಿಗೆ ಕೊಟ್ಟ ಪರ್ಮಿಷನ್ ಎಲ್ಲ ಕಿತ್ತರೆ ಫೋನ್ ಬರೀ ಡಬ್ಬಾ ಆಗುತ್ತದೆ ಅಂತ ನಮ್ಮ ಲೈನಿನ ಫೋನ್ ರಿಪೇರಿಯವರೆಲ್ಲ ನನಗೆ ಹೇಳಿದ್ದರು. ಈಗ ಮುಂಬೈಯ ಎರಡು ಹೋಟೆಲಿನ ಹುಡುಗರ ಫೋನು, ಸುಮಾರು 40 ಇರಬಹುದು, ನಾನು ಕಿತ್ತ ಮೇಲೂ ನಡೆಯುತ್ತಿವೆ. ಹೇಳಿದವರೇ ಈಗ ಗಿರಾಕಿಯನ್ನು ನನ್ನ ಹತ್ತಿರ ಕಳಿಸುತ್ತಾರೆ.

ಶುರುವಾದದ್ದು ಸಾಲದ ಆ್ಯಪಿನಿಂದ. ಮಾಟುಂಗಾದ ಒಬ್ಬ ವೇಟರ್ ಹುಡುಗ 5 ಸಾವಿರ ತೆಗೆದ, ಕೈಗೆ ಬಂದದ್ದು 3 ಸಾವಿರ ಚಿಲ್ಲರೆ. ಆ್ಯಪು ಅವನ ಕಾಂಟ್ಯಾಕ್ಟ್ ಎಲ್ಲ ಎತ್ತಿಕೊಂಡಿತ್ತು. ವಾರದೊಳಗೆ ಊರಿನ ಅಕ್ಕನಿಗೆ, ಭಾವನಿಗೆ, ಕೊನೆಗೆ ಗಲ್ಲಾದಲ್ಲಿ ಕೂತ ಶೆಟ್ರಿಗೇ ಬೈಗುಳದ ಫೋನು. ಶೆಟ್ರು ಎಲ್ಲರ ಫೋನನ್ನೂ ನನ್ನ ಕೌಂಟರಿಗೆ ಕಳಿಸಿದರು. "ಎಂಥದ್ದಾದರೂ ಮಾಡು ಮಾರಾಯ, ಇನ್ನು ಯಾರಿಗೂ ನನ್ನ ನಂಬರ್ ಹೋಗಬಾರದು."

ಹೋದ ನಂಬರ್ ವಾಪಸ್ ಬರುವುದಿಲ್ಲ, ಅಲ್ವಾ? ಪರ್ಮಿಷನ್ ಕಿತ್ತರೆ ಮುಂದಿನದು ನಿಲ್ಲುತ್ತದೆ, ಅವರ ಸರ್ವರಿಗೆ ಸೇರಿದ್ದು ಸೇರಿತು. ಹುಡುಗನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿಸಿದೆ. ಸಾಲದ ಆ್ಯಪುಗಳು ಕಾಂಟ್ಯಾಕ್ಟ್, ಕಾಲ್ ಲಾಗ್ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಪ್ಲೇ ಸ್ಟೋರಿನಲ್ಲೂ 2023ರ ಮೇ ಕೊನೆಯಿಂದ ಅದಕ್ಕೆ ಅವಕಾಶವಿಲ್ಲ. ಅದಕ್ಕೇ ಈ ಸಾಲದವರು ವಾಟ್ಸಾಪಿನಲ್ಲಿ ಎಪಿಕೆ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲು, ಕಳಿಸುವುದು.

ಮೊದಲು ಆ್ಯಪ್ ಡಿಲೀಟ್ ಮಾಡಿಸಿದೆ. ಸಂಬಳದ ಮುಂಚಿನ ವಾರ ಎಲ್ಲ ವಾಪಸ್ ಬಂದವು. ಆಮೇಲೆ ವರ್ಷದ ಚಂದಾ ಕಟ್ಟಿ ಒಂದು ಸೆಕ್ಯುರಿಟಿ ಆ್ಯಪ್ ಹಾಕಿಸಿದೆ. ಸುಮಾರು 4 ಸಾವಿರ ಶೆಟ್ರದ್ದು ಹೋಯಿತು. ಅದು ಒಳಗೆ ಬಂದ ಕೂಡಲೇ ಕೇಳಿದ್ದು ಕಾಂಟ್ಯಾಕ್ಟ್, ಎಸ್‌ಎಂಎಸ್, ಲೊಕೇಶನ್, ಫೈಲು! ಕಳ್ಳನಿಗೇ ಬೀಗದ ಕೈ ಕೊಟ್ಟ ಹಾಗೆ. ಕಿತ್ತು ಬಿಸಾಡಿದೆ.

ಕೊನೆಗೆ ನಡೆದದ್ದು ಉಲ್ಟಾ ದಾರಿ. ಸೆಟ್ಟಿಂಗಿನ ಪರ್ಮಿಷನ್ ಮ್ಯಾನೇಜರಿಗೆ ಹೋಗಿ ಆ್ಯಪ್ ಹಿಡಿದು ಅಲ್ಲ, ಪರ್ಮಿಷನ್ ಹಿಡಿದು ಸೊನ್ನೆಗೆ ತರುವುದು. ಕಾಂಟ್ಯಾಕ್ಟ್ ಮೊದಲು, ಆಮೇಲೆ ಎಸ್‌ಎಂಎಸ್, ಮೈಕ್. ನಂತರ ಆ್ಯಪ್ ಬಾಯಿಬಿಟ್ಟು ಕೇಳಿದಾಗ ಮಾತ್ರ ಕೊಡುವುದು, ಮೈಕ್, ಕ್ಯಾಮೆರಾ, ಲೊಕೇಶನ್ ಆದರೆ ಅದೂ "ಈ ಸಲ ಮಾತ್ರ". ಇದಕ್ಕೂ ಮೊದಲು ಸೆಟ್ಟಿಂಗಿನಲ್ಲಿ ಆ್ಯಕ್ಸೆಸಿಬಿಲಿಟಿ (ಕಣ್ಣು, ಕೈ ತೊಂದರೆ ಇದ್ದವರಿಗೆ ಫೋನ್ ಬಳಸಲು ಇರುವ ಸವಲತ್ತು) ನೋಡಿ. ಅಲ್ಲಿ ಎಪಿಕೆ ಕೂತಿದ್ದರೆ ಪರದೆ ಓದಿಕೊಂಡು, ಬಟನ್ ತಾನೇ ಒತ್ತಿಕೊಳ್ಳುತ್ತದೆ. ನೀವು ಬಾಕಿ ಕಿತ್ತದ್ದೆಲ್ಲ ಸುಮ್ನೆ.

ತೊಂದರೆ ಬಂದದ್ದು ಎರಡು ಕಡೆ. ಯುಪಿಐ ರಿಜಿಸ್ಟರ್ ಆಗುವಾಗ ಸಿಮ್ಮಿನಿಂದ ಎಸ್‌ಎಂಎಸ್ ಹೋಗಲೇಬೇಕು. ಅದನ್ನು ಕೊಟ್ಟು, ಕೆಲಸ ಆದ ಮೇಲೆ ತೆಗೆಯುತ್ತೇನೆ. ಕೆಲವು ಬ್ಯಾಂಕ್ ಆ್ಯಪು ಆಮೇಲೂ ಹಟ ಮಾಡುತ್ತವೆ, ಅವಕ್ಕೆ ಬಿಟ್ಟಿದ್ದೇನೆ. ಇನ್ನೊಂದು, ಹುಡುಗರು ಎರಡು ಸಲ "ಬೇಡ" ಒತ್ತಿದರೆ ಆಂಡ್ರಾಯ್ಡ್ 11ರಿಂದ ಈಚೆಗೆ ಆ್ಯಪಿಗೆ ಮತ್ತೆ ಕೇಳಲಿಕ್ಕೇ ಆಗುವುದಿಲ್ಲ. "ಅಣ್ಣ, ಕ್ಯಾಮೆರಾ ಸತ್ತಿದೆ" ಅಂತ ಬಂದವರಲ್ಲಿ ಅರ್ಧ ಜನ ಇವರೇ. ಆ ಪುಕ್ಕಟೆ ಸರ್ವಿಸಿನಲ್ಲಿ ಮೊದಲ ತಿಂಗಳ ಲಾಭ ಹೋಯಿತು.

ನಡುವೆ ಒಂದು ತಮಾಷೆ ಮಾಡಿದೆ. ಯಾರಿಗೂ ಕೊಡದ ಹಳೆ ಸಿಮ್ಮಿನ ನಂಬರನ್ನು ಒಂದೇ ಒಂದು ಫೋನಿನಲ್ಲಿ "ಪದ್ಮಣ್ಣ ಗ್ಯಾಸ್ ಸಾಂಬಾರ್" ಅಂತ ಸೇವ್ ಮಾಡಿದೆ. ಯಾರು ಕರೆ ಮಾಡಿದ್ದಾರೆ ಎಂದು ಹೆಸರು ತೋರಿಸುವ ಒಂದು ಆ್ಯಪ್ ಹಾಕಿ ಕಾಂಟ್ಯಾಕ್ಟ್ ಕೊಟ್ಟೆ. ಕೆಲವು ದಿನ ಬಿಟ್ಟು ಆ ಸಿಮ್ಮಿನಿಂದ ಹೆಂಡತಿಯ ಫೋನಿಗೆ ರಿಂಗ್ ಕೊಟ್ಟೆ. ಅವಳ ಫೋನಿನಲ್ಲೂ ಅದೇ ಆ್ಯಪ್ ಇತ್ತು. ಪರದೆ ಮೇಲೆ ಸಾಂಬಾರ್ ಸಮೇತ ಪೂರಾ ಹೆಸರು ಬಂತು! ಇದನ್ನು ತೋರಿಸಿದ ಮೇಲೆ ಶೆಟ್ರು ವಾದ ಮಾಡಲಿಲ್ಲ.

ಕಾಂಟ್ಯಾಕ್ಟ್ ಕೊಡದೆ ತೆರೆಯುವುದೇ ಇಲ್ಲ ಅನ್ನುವ ಆ್ಯಪಿಗೆ ಫೋನಿನಲ್ಲಿ ಎರಡನೇ ಯೂಸರ್ ಮಾಡಿ ಅಲ್ಲಿ ಹಾಕುತ್ತೇನೆ. ಅಲ್ಲಿ ಕಾಂಟ್ಯಾಕ್ಟ್ ಪುಸ್ತಕ ಖಾಲಿ. ಪೂರ್ತಿ ಖಾಲಿ ಇದ್ದರೆ ಕೆಲವು ಆ್ಯಪಿಗೆ ಡೌಟು ಬರುತ್ತದೆ. ಅದಕ್ಕೆ ಏನು ತುಂಬುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಕೇಳಬೇಡಿ.

ಫೋನಿಗೆ 150 ರೂಪಾಯಿ ತೆಗೆದುಕೊಳ್ಳುತ್ತೇನೆ, ಮುಕ್ಕಾಲು ಗಂಟೆ ಕೆಲಸ. ತಿಂಗಳಿಗೊಮ್ಮೆ, ಯಾವ ಆ್ಯಪ್ ಯಾವ ಪರ್ಮಿಷನ್ ಬಳಸಿತು ಅಂತ ತೋರಿಸುವ ಪ್ರೈವೆಸಿ ಡ್ಯಾಶ್‌ಬೋರ್ಡ್ ನೋಡುವುದು ಅದರಲ್ಲೇ ಸೇರಿತು. ಆಂಡ್ರಾಯ್ಡ್ 12ಕ್ಕಿಂತ ಹಳೆಯದಾದರೆ ಆ ಡ್ಯಾಶ್‌ಬೋರ್ಡೇ ಇಲ್ಲ, ಒಂದೊಂದೇ ತೆರೆದು ನೋಡಬೇಕು. ಅದಕ್ಕೆ 50 ಜಾಸ್ತಿ.