ಹಳೇ ದಾಖಲೆಯ ಕಸುಬುಗಳಿಗೆ ಸಂಖ್ಯೆ ಕೊಡುವುದು ಹೇಗೆ?

ಊರಿನ ಲೆಕ್ಕ ಬರೆಯುವವನು ಹಳೇ ಮೈಸೂರಿನಲ್ಲಿ ಶಾನುಭೋಗ, ಧಾರವಾಡದ ಕಡೆ ಕುಲಕರ್ಣಿ, ಬಳ್ಳಾರಿಯಲ್ಲಿ ಕರಣಂ. ಕಂಪ್ಯೂಟರಿಗೆ ಇವರು ಮೂರು ಬೇರೆ ಬೇರೆ ಕಸುಬಿನವರು. ಹಳೇ ಕ್ರಯಪತ್ರ, ಶಾಲಾ ದಾಖಲಾತಿ ಪುಸ್ತಕಗಳಿಂದ ಕಸುಬುಗಳ ಲೆಕ್ಕ ತೆಗೆಯುವವರು ಮೊದಲು ಈ ಗಂಟು ಬಿಡಿಸಬೇಕು.

ಮೊದಲು ದಾಖಲೆಯಲ್ಲಿ ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿ. ‘ಕಂಮಾರ’ ಎಂದಿದ್ದರೆ ‘ಕಂಮಾರ’ವೇ ಇರಲಿ, ಹಿಂದಿನವರು ಹಾಗೆಯೇ ಬರೆಯುತ್ತಿದ್ದರು. ‘ಕಮ್ಮಾರ’ ಎಂಬ ತಿದ್ದಿದ ರೂಪಕ್ಕೆ ಪಕ್ಕದಲ್ಲಿ ಬೇರೆ ಕಾಲಂ. ಮೂಲವನ್ನು ಅಳಿಸಿದರೆ ನಾಳೆ ತಪ್ಪು ಹುಡುಕಲು ದಾರಿಯೇ ಇರುವುದಿಲ್ಲ.

ಮೂರನೇ ಕಾಲಮ್ಮಿಗೆ ಸಂಕೇತ. ಸಂಶೋಧಕರು ಹೆಚ್ಚಾಗಿ ಬಳಸುವುದು 2002ರಲ್ಲಿ ಪುಸ್ತಕವಾಗಿ ಬಂದ ‘ಹಿಸ್ಕೊ’ (HISCO) ಪಟ್ಟಿ, ಅಂದರೆ ಹಳೇ ಕಾಲದ ಕಸುಬುಗಳ ಅಂತರರಾಷ್ಟ್ರೀಯ ವರ್ಗೀಕರಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1968ರ ವರ್ಗೀಕರಣವೇ ಇದಕ್ಕೆ ಬುನಾದಿ. ಪ್ರತಿ ಕಸುಬಿಗೂ ಐದಂಕಿಯ ಸಂಖ್ಯೆ: ಕಮ್ಮಾರನಿಗೆ 83110, ದಿನಗೂಲಿಗೆ 99920. ಹಳ್ಳಿಯ ದಾಖಲೆ ಎಂಬ ಒಂದೇ ಕಾರಣಕ್ಕೆ ಬರೀ ‘ಕೂಲಿ’ಯನ್ನು ಹೊಲದ ಕೂಲಿ ಮಾಡಿಬಿಡಬೇಡಿ.

ನಮ್ಮ ನೀರಗಂಟಿಯಂಥವರು ಪಟ್ಟಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅವನು ಊರ ಚಾಕರಿಯವನೂ ಹೌದು, ಕೆರೆಯ ತೂಬೆತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವವನೂ ಹೌದು. ಪದವಿಗಿಂತ ಕೈ ಮಾಡುವ ಕೆಲಸ ನೋಡಬೇಕು ಎನ್ನುವವನು ನಾನು. ಹಾಗಾಗಿ ಅವನನ್ನು 6ರಿಂದ ಶುರುವಾಗುವ ಕೃಷಿಯ ಗುಂಪಿಗೇ ಹಾಕುತ್ತೇನೆ. ನೀವು ಬೇರೆ ಕಡೆ ಹಾಕಿದರೂ ತಪ್ಪಲ್ಲ, ಆದರೆ ಕಾರಣ ಬರೆದಿಡಿ, ಕೊನೆಯ ಪುಟದವರೆಗೂ ಅಲ್ಲಿಗೇ ಹಾಕಿ.

ಎಡವುವುದು ಹೆಚ್ಚಾಗಿ ಜಾತಿಯ ಹತ್ತಿರ. ‘ಕುಂಬಾರ ತಿಂಮ ಬಿನ್ ಕುಂಬಾರ ಕೆಂಚ’ ಎಂಬ ಸಾಲು ಸಿಕ್ಕಿತೆನ್ನಿ. ಅಲ್ಲಿ ‘ಬಿನ್’ ಎಂದರೆ ಇಂಥವನ ಮಗ. ಆದರೆ ತಿಮ್ಮ ತಿಗರಿ ತಿರುಗಿಸುತ್ತಿದ್ದನೋ, ಹೊಲ ಉಳುತ್ತಿದ್ದನೋ? ಈ ಸಾಲೊಂದೇ ಅದನ್ನು ಹೇಳದು. ಕುಲಕ್ಕೊಂದು ಕಾಲಂ, ಕಸುಬಿಗೊಂದು ಕಾಲಂ ಇರಲಿ. ಬೇರೆ ಪುರಾವೆ ಸಿಗುವವರೆಗೆ ಕಸುಬಿನದು ಖಾಲಿ. ‘ಕುಲಕರ್ಣಿ’ಯದೂ ಇದೇ ಕಥೆ. 1961ರ ಕಾಯ್ದೆ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು, ಅಡ್ಡಹೆಸರು ಹಾಗೇ ಉಳಿಯಿತು. ರೈಲ್ವೆ ಗುಮಾಸ್ತ ಕುಲಕರ್ಣಿಯವರನ್ನು ಗುಮಾಸ್ತರ ಸಾಲಿಗೇ ಸೇರಿಸಿ.

ಕೊನೆಗೆ ನೂರು ಸಾಲು ಆರಿಸಿ, ನಿಮ್ಮ ಸಂಖ್ಯೆ ಮುಚ್ಚಿಟ್ಟು, ಇನ್ನೊಬ್ಬರ ಕೈಲಿ ಸಂಕೇತ ಹಾಕಿಸಿ. ಇಬ್ಬರದೂ ತಾಳೆಯಾಗದ ಕಡೆ ಮೂಲ ದಾಖಲೆಯನ್ನು ಜೊತೆಯಲ್ಲಿ ಕೂತು ಮತ್ತೆ ಓದಿ.